ಹನ್ನೆರಡು ವೋಲ್ಟಿನ ಲೈನು

ಮೊನ್ನೆ ಹುಮ್ನಾಬಾದಿನಲ್ಲಿ ಬಸ್ಸಿಳಿದು ಮಾಣಿಕನಗರದ ಕಡೆ ನಡೆಯುವಾಗ ಯಾವುದೋ ಅಂಗಡಿಯಿಂದ ವಾರ್ನಿಶ್ ವಾಸನೆ ಬಂತು. ಮೋಟರಿಗೆ ತಾಮ್ರದ ತಂತಿ ಸುತ್ತಿದ ಮೇಲೆ ಹೊಯ್ಯುವ ವಾರ್ನಿಶ್. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರೇನೋ. ನನಗೆ ಶಾಂತಾಬಾಯಿ ನೆನಪಾದರು.

ಎರಡು ಸಾವಿರದ ಆರೋ ಏಳೋ ಇಸವಿ. ಬಸವಕಲ್ಯಾಣದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆಯ ವಿಡಿಯೋದಲ್ಲಿ ಬಂದವರನ್ನೆಲ್ಲ ಗುಲಾಬಿ ಹೂವಿನೊಳಗಿಂದ ಹೊರಡಿಸುವುದೇ ದೊಡ್ಡ ಕಲೆಯೆಂದು ನಾನು ನಂಬಿದ್ದ ಕಾಲ. ಆ ಹೂವು ಇನ್ನೂ ಚುರುಕಾಗಿ ಅರಳಲೆಂದು ಹೈದರಾಬಾದಿನಿಂದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದೆ. ಹಳೆಯದನ್ನು ಬದಲಿಗೆ ಕೊಟ್ಟುಬಂದೆ. ಕಂಪ್ಯೂಟರಿನ ಪವರ್ ಸಪ್ಲೈ ಮೇಲೆ ನಾನೂರೈವತ್ತು ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿತ್ತು. ನನಗೆ ಅಷ್ಟು ಸಾಕೆನಿಸಿತು, ಕಂಪ್ಯೂಟರಿಗೆ ಸಾಕಾಗಲಿಲ್ಲ. ಕೆಲಸಕ್ಕೆ ಕೂತ ಐದು ನಿಮಿಷಕ್ಕೆ ಫಟ್ಟನೆ ಆರಿಹೋಗತೊಡಗಿತು.

ಅದರೊಳಗೆ ಗೋರ್ಟಾ ಊರಿನ ಒಂದು ಮದುವೆಯ ವಿಡಿಯೋ ಇತ್ತು. ಮದುವೆಯಾದ ಹದಿನೈದು ದಿನಕ್ಕೇ ಹುಡುಗಿಯ ತಂದೆ ತೀರಿಕೊಂಡಿದ್ದರು. ಕಂಪ್ಯೂಟರಿಗೆ ಇಳಿಸಿಕೊಂಡಾಯಿತಲ್ಲ ಎಂದು ನಾನು ಕ್ಯಾಮೆರಾದ ಅದೇ ಟೇಪಿನ ಮೇಲೆ ಇನ್ನೊಂದು ಮದುವೆ ತೆಗೆದುಬಿಟ್ಟಿದ್ದೆ. ಆ ಮನುಷ್ಯ ನಗುತ್ತಾ ಓಡಾಡಿದ್ದು ಉಳಿದದ್ದು ಈ ಆರಿಹೋಗುವ ಪೆಟ್ಟಿಗೆಯೊಳಗೆ ಮಾತ್ರ. ಊರಿನ ಕಂಪ್ಯೂಟರ್ ರಿಪೇರಿಯವನು ನೋಡಿ, ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಸರಿಹೋಗುತ್ತದೆ ಎಂದ. ಬೇಡವೆಂದು ಪೆಟ್ಟಿಗೆಯನ್ನು ಅವನಿಂದ ದೂರ ಎಳೆದುಕೊಂಡೆ.

ಶಾಂತಾಬಾಯಿಯವರದು ಹುಮ್ನಾಬಾದಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಗಂಡನಿಗೆ ಲಕ್ವಾ ಹೊಡೆದ ಮೇಲೆ ತಾವೇ ನಡೆಸುತ್ತಿದ್ದರು. ಬೇರೆಯವರು ಮೂರು ಸಲ ಸುತ್ತಿಯೂ ಸುಟ್ಟುಹೋಗಿದ್ದ ನಮ್ಮ ಬಾವಿಯ ಮೋಟರನ್ನು ಅವರು ಒಂದೇ ಸಲಕ್ಕೆ ಬದುಕಿಸಿದ್ದರು. ಆ ಒಂದು ನಂಬಿಕೆಯ ಮೇಲೆ ಕಂಪ್ಯೂಟರನ್ನು ಚಾದರಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಕಂಪ್ಯೂಟರ್ ಬಿಚ್ಚುತ್ತಿರುವುದು ಇದೇ ಮೊದಲು ಎಂದು ಅವರು ಮುಚ್ಚಿಡದೆ ಹೇಳಿದರು. ಕಾರ್ಡಿನ ಖಾಲಿ ಡಬ್ಬಿ ಎಲ್ಲಿ ಎಂದು ಕೇಳಿದರು, ಪುಣ್ಯಕ್ಕೆ ಚೀಲದಲ್ಲಿತ್ತು. ಚಷ್ಮಾ ಹಾಕಿಕೊಂಡು ಅದರ ಸಣ್ಣ ಅಕ್ಷರಗಳನ್ನೂ ಸಪ್ಲೈಯ ಸ್ಟಿಕ್ಕರನ್ನೂ ಬಹಳ ಹೊತ್ತು ಓದಿದರು.

"ಇಲ್ಲಿ ನೋಡು ತಮ್ಮ. ಹನ್ನೆರಡು ವೋಲ್ಟಿನ ಲೈನಿಗೆ ಹದಿನೆಂಟು ಆಂಪಿಯರ್ ಬೇಕು ಅಂತ ಡಬ್ಬಿ ಹೇಳಾಕತ್ತದ. ಈ ಸಪ್ಲೈ ಆ ಲೈನಿಗೆ ಹತ್ತೇ ಕೊಡ್ತದ. ನೀ ದೊಡ್ಡ ಅಕ್ಷರ ಅಷ್ಟೇ ಓದೀದಿ."

ನಾನೂರೈವತ್ತು ಎಂಬುದು ಎಲ್ಲ ಲೈನುಗಳನ್ನೂ ಕೂಡಿಸಿ ಬರೆದದ್ದು, ಕಾರ್ಡಿಗೆ ಬೇಕಾದದ್ದು ಆ ಒಂದು ಲೈನಿನ ಬಲ ಎಂದು ವಿವರಿಸಿದರು. ಸಪ್ಲೈಯನ್ನು ಅಂಗೈಯಲ್ಲಿ ತೂಗಿ, ಇಷ್ಟು ಹಗುರಾದದ್ದರೊಳಗೆ ತಾಮ್ರ ಎಷ್ಟಿದ್ದೀತು ಎಂದರು. ಇನ್ನೊಮ್ಮೆಯೂ ಚಾಲೂ ಮಾಡಕೂಡದು, ಹೀಗೆ ಆರುತ್ತಾ ಹೋದರೆ ಡಿಸ್ಕೇ ಕೆಟ್ಟೀತು ಎಂದು ತಾಕೀತು ಮಾಡಿ, ತಮಗೆ ತಂತಿ ಕಳಿಸುವ ಹೈದರಾಬಾದಿನ ವ್ಯಾಪಾರಿಗೆ ಫೋನು ಹಚ್ಚಿದರು. ಅವನು ಹೇಳಿದ ವ್ಯಾಟುಗಳಿಗೆ ಕಿವಿಗೊಡದೆ ಒಂದೊಂದೇ ಸ್ಟಿಕ್ಕರ್ ಓದಿಸಿದರು. ಹನ್ನೆರಡು ವೋಲ್ಟಿಗೆ ಇಪ್ಪತ್ತೆರಡು ಆಂಪಿಯರ್ ಎಂಬುದನ್ನು ಕೇಳಿದ ಮೇಲೆಯೇ ಹ್ಞೂಂ ಎಂದರು.

ಮೂರನೆಯ ದಿನ ಇಟ್ಟಂಗಿಯಷ್ಟು ಭಾರದ ಸಪ್ಲೈ ಹಿಡಿದುಕೊಂಡು ಅವರೇ ನನ್ನ ಸ್ಟುಡಿಯೋಕ್ಕೆ ಬಂದು ಜೋಡಿಸಿದರು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಆರಲಿಲ್ಲ. ಪರದೆಯ ಮೇಲೆ ಆ ತಂದೆ ಬೀಗರಿಗೆ ಹೋಳಿಗೆ ಬಡಿಸುತ್ತಿದ್ದರು. ನನ್ನ ಕಣ್ಣು ತುಂಬಿತು. ಟೇಪಿನ ಸುದ್ದಿ ಆಗ ಬಾಯಿಬಿಟ್ಟೆ. ಗೋರ್ಟಾದವರಿಗೆ ಮಾತ್ರ ಇದು ತಿಳಿಯುವುದು ಬೇಡ ಎಂದೆ.

"ಟೇಪ್ ಇಲ್ಲ ಅಂತ ಹೇಳೇ ಕೊಡು," ಎಂದರು. "ಇದೊಂದೇ ಉಳದದ ಅಂತ ಗೊತ್ತಿದ್ರ ಅವರು ಜ್ವಾಪಾನ ಮಾಡ್ತಾರ."

ಹೇಳಿದೆ. ಹುಡುಗಿಯ ತಾಯಿ ಸಿ.ಡಿ. ಹಾಕಿಸಿ ಪೂರ್ತಿ ನೋಡಿದರು. ಆಮೇಲೆ ಇನ್ನೆರಡು ಪ್ರತಿ ಕೇಳಿದರು. "ಆ ಹೂವು ತಗೀರಿ," ಎಂದರು, "ಅವರ ಮಾರಿ ಕಾಣವಲ್ದು." ಆ ಮುಖದ ಮೇಲಿನ ಹೂವು ತೆಗೆದೆ.

ಮೊನ್ನೆ ಮಾಣಿಕನಗರಕ್ಕೆ ಹೋಗಿದ್ದು ಒಂದು ಮನೆಯವರಿಗೆ ಅವರ ಮದುವೆಯ ಆಲ್ಬಮ್ ತಡವಾದದ್ದೇಕೆ ಎಂದು ಹೇಳಲು. ಬಸ್ಸಿನಲ್ಲಿ ಕರೆಂಟು, ಪ್ರೆಸ್ಸು ಎಂದು ನೆಪಗಳನ್ನು ಹೊಂದಿಸಿಕೊಂಡೇ ಬಂದಿದ್ದೆ. ಬಾಗಿಲು ತೆರೆದ ಯಜಮಾನರ ಎದುರು ನಿಂತಾಗ ಆ ವಾರ್ನಿಶ್ ವಾಸನೆ ಇನ್ನೂ ಮೂಗಿನಲ್ಲಿತ್ತು, ನೆಪ ಒಂದೂ ಬಾಯಿಗೆ ಬರಲಿಲ್ಲ. ತಪ್ಪು ನನ್ನದೇ, ಮರೆತಿದ್ದೆ ಎಂದೆ. ಅವರು ಒಳಗೆ ಕರೆದು ಚಹಾ ಕೊಟ್ಟರು.