ಸಂಚಿಯೊಳಗಿನ ನೆಟ್

‘ಟುಂಯ್’ ಎಂದು ಲ್ಯಾಪ್‌ಟಾಪು ಒಮ್ಮೆ ನರಳಿತು. ಅತ್ತೆ ದುರಗವ್ವ ಓಣಿಯ ತಿರುವು ದಾಟಿದಳೆಂದು ತಿಳಿಯಲು ಸುನಿತಾಗೆ ಬೇರೆ ಗುರುತು ಬೇಕಿರಲಿಲ್ಲ. ಅತ್ತೆಯ ಸೊಂಟದ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಫೋನಿತ್ತು. ಆ ಫೋನಿನ ಜೊತೆ ಮನೆಯ ನೆಟ್ಟೂ ಹೊಲದ ಹಾದಿ ಹಿಡಿದಿತ್ತು.

ಮೊರಬ ಹಳ್ಳಿಯ ಆ ಮನೆಯಲ್ಲಿ ಕೂತೇ ಸುನಿತಾ ಹುಬ್ಬಳ್ಳಿಯ ಆಫೀಸೊಂದರ ಕೆಲಸ ಮಾಡುತ್ತಿದ್ದಳು. ಪಂಪ್‌ಸೆಟ್ ಕೆಟ್ಟವರು ಫೋನಿನಲ್ಲಿ ತೋಡಿಕೊಂಡದ್ದನ್ನು ಕೇಳಿ ಟೈಪ್ ಮಾಡುವ ಕೆಲಸ. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಂದವಳು, ಅಣ್ಣಿಗೇರಿಗೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಕಲಿತು ಗಳಿಸಿಕೊಂಡದ್ದು ಅದು. ಬೈಗುಳ ಎಲ್ಲಿ ಮುಗಿಯುತ್ತದೆ, ಮೋಟಾರಿನ ಮಾತು ಎಲ್ಲಿ ಶುರುವಾಗುತ್ತದೆ ಎಂಬುದು ಅವಳ ಕಿವಿಗೆ ಪಳಗಿಹೋಗಿತ್ತು.

ಈ ತಿಂಗಳು ಆಫೀಸಿನವರು ಹೊಸದೊಂದು ಆ್ಯಪ್ ತಂದಿದ್ದರು. ಸಂಪರ್ಕ ಕಡಿದಾಗಲೆಲ್ಲ ಅದು ಫೋನಿನಲ್ಲಿ ‘ಇದು ನೀವೇನಾ?’ ಎಂದು ಕೇಳುತ್ತದೆ; ‘ಹೌದು’ ಒತ್ತಿದರಷ್ಟೇ ಕೆಲಸದ ಬಾಗಿಲು ತೆರೆಯುತ್ತದೆ. ಸುನಿತಾಳ ಹಳೆಯ ಫೋನು ಆ ಆ್ಯಪನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಗಂಡ ಸಿದ್ಧಲಿಂಗನ ಫೋನು ಅವನ ಟೆಂಪೋದ ಜೊತೆ ನಸುಕಿನಲ್ಲೇ ಊರು ಬಿಡುತ್ತಿತ್ತು. ಒಗ್ಗಿದ್ದು ಅತ್ತೆಯ ಫೋನಿಗೆ ಮಾತ್ರ; ಲ್ಯಾಪ್‌ಟಾಪಿಗೆ ನೆಟ್ಟು ಬರುತ್ತಿದ್ದದ್ದೂ ಅದರ ಹಾಟ್‌ಸ್ಪಾಟಿನಿಂದಲೇ. ದುರಗವ್ವನೋ ಕಳೆ ತೆಗೆಯುವ ಹೆಂಗಸರ ಗುಂಪಿನ ಮುಂದಾಳು. ನಾಳೆ ಯಾರ ಹೊಲ ಎಂಬ ಕರೆ ದಿನವಿಡೀ ಅವಳಿಗೇ ಬರಬೇಕು. ಮೊನ್ನೆ ಒಮ್ಮೆ ಫೋನನ್ನು ಸೊಸೆಯ ಬಳಿ ಬಿಟ್ಟುಹೋಗಿದ್ದಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡವಳಿಗೆ ರಿಂಗು ಕೇಳಲಿಲ್ಲ, ಹತ್ತಿಯ ಹೊಲವೊಂದು ಬೇರೆ ಗುಂಪಿನ ಪಾಲಾಯಿತು. ಅಂದಿನಿಂದ ಫೋನು ಅತ್ತೆಯ ಸಂಚಿ ಬಿಟ್ಟಿರಲಿಲ್ಲ.

ಸುನಿತಾಳ ಹಳೆಯ ಫೋನು ಹೊಡೆದುಕೊಂಡಿತು. ಆಫೀಸಿನ ರಜಿಯಾಬೇಗಂ.

“ಮತ್ತ ಕಡೀತಲ್ರಿ ನಿಮ್ಮ ಲೈನು! ದಿನಾ ಹಿಂಗಾದ್ರ ನಾ ಮ್ಯಾಲಿನವ್ರಿಗೆ ಏನ್ ಹೇಳ್ಲಿ? ಇವತ್ತ ಸಂಜೀತನಕ ಕೆಲಸ ನಿಲ್ಲಲಾರದಂಗ ಮಾಡಿ ತೋರಸ್ರಿ. ಇಲ್ಲಾಂದ್ರ ಬ್ಯಾರೇರಿಗೆ ಕೊಡಬೇಕಾಗತೈತಿ.”

“ತೋರಸ್ತೇನ್ರಿ” ಎಂದಳು ಸುನಿತಾ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲಿಗೆ ಚಿಲಕ ಹಾಕಿದಳು.

ಶಂಭುಲಿಂಗಪ್ಪನ ಹೆಸರುಕಾಳಿನ ಹೊಲದಲ್ಲಿ ಹೆಂಗಸರು ಸಾಲು ಹಿಡಿದಿದ್ದರು.

“ಏಯ್ ನೋಡ್ರೆವ್ವಾ, ಆಫೀಸ ನಡಕೋತ ಬಂತು!” ಶಿವಗಂಗವ್ವ ಕಳೆ ಕೀಳುವ ಕುರ್ಪಿ ಎತ್ತಿ ಕೂಗಿದಳು. “ದುರಗವ್ವಾ, ನಿನ್ನ ಸೊಂಟದಾಗ ಟಾವರ್ ಐತೇನಬೇ?”

“ಟಾವರ್ ಅಲ್ಲಬೇ, ಕೆಂಡ! ಅಗದೀ ಸುಡಾಕತ್ತೈತಿ” ಎನ್ನುತ್ತ ದುರಗವ್ವ ಫೋನು ತೆಗೆದು ಸೊಸೆಯ ಮುಂದೆ ಹಿಡಿದಳು. “ಒತ್ತು, ಅದೇನ ಹೌದಂತಿ ಒತ್ತು. ಆದ್ರ ನಾ ನಿಂದ್ರೂದಿಲ್ಲ ನೋಡು. ನಾ ನಿಂತ್ರ ಇವ್ರೆಲ್ಲಾ ಕುಂದರ್ತಾರ.”

“ನೀ ನಿಂದರಬ್ಯಾಡತ್ತಿ. ನಾನ ಹಿಂದ ಬರ್ತೇನಿ.”

ಹಾಗೇ ಶುರುವಾಯಿತು. ಕರಿಮಣ್ಣಿನ ಸಾಲಿನಲ್ಲಿ ಕೂತು, ಮಡಿಲಲ್ಲಿ ಲ್ಯಾಪ್‌ಟಾಪು ಇಟ್ಟು, ಬಿಸಿಲಿನಲ್ಲಿ ತೆರೆ ಕಾಣಲೆಂದು ತಲೆಯ ಮೇಲಿನ ಸೆರಗನ್ನೇ ಮುಂದಕ್ಕೆ ಎಳೆದುಕೊಂಡು ಸುನಿತಾ ಟೈಪ್ ಮಾಡಿದಳು. ಹೆಂಗಸರು ಮುಂದೆ ಹೋದಂತೆ ಎದ್ದು ಅವರ ಹಿಂದೆ ಹೋಗಿ ಕೂತಳು. ಮತ್ತೆ ಎದ್ದಳು. ಲೈನು ಕಡಿಯಲಿಲ್ಲ.

ಇಳಿಹೊತ್ತಿಗೆ ಹೊಲದೊಡೆಯ ಶಂಭುಲಿಂಗಪ್ಪ ಒಡ್ಡಿನ ಮೇಲೆ ಬೈಕು ನಿಲ್ಲಿಸಿ ಇಳಿದು ಬಂದ.

“ಏನವಾ, ಮಣ್ಣಾಗ ಕುಂತು ಏನ್ ಕುಟ್ಟಾಕತ್ತಿ?”

ಅವಳು ಒಂದು ಕಿವಿಯ ಹೆಡ್‌ಫೋನು ಸರಿಸಿದಳು. “ಆಫೀಸ ಕೆಲಸರಿ ಸಾವ್ಕಾರ್ರ.”

“ಆಫೀಸಂದ್ರ ಖುರ್ಚಿ ಇರತೈತಿ, ಫ್ಯಾನ್ ಇರತೈತಿ. ಇದೆಂಥಾ ಆಫೀಸು! ಆ ಡಬ್ಬಿ ಮುಚ್ಚಿ ಕುರ್ಪಿ ಹಿಡಿ, ನಿಂದೂ ಪಗಾರ ನಾನ ಕೊಡ್ತೇನಿ. ನಾ ಹೇಳೂದ ಕೇಳು, ನಮ್ಮ ಮಗ ಕಾಶಿನಾಥಾನೂ ಹಿಂಗ…”

ಇನ್ನೊಂದು ಕಿವಿಯಲ್ಲಿ ಯಾರೋ ರೈತ ‘ಮೋಟಾರ್ ಸು… ಸು…’ ಎಂದು ತೊದಲತೊಡಗಿದ; ನೆಟ್ಟು ದೂರವಾಗುತ್ತಿತ್ತು. ಸುನಿತಾ ತಲೆಯೆತ್ತಿದಳು. ಹೆಂಗಸರ ಸಾಲು ಬಹಳ ಮುಂದೆ ಹೋಗಿತ್ತು. ತೆರೆದ ಲ್ಯಾಪ್‌ಟಾಪನ್ನು ಎಡಗೈ ಮೇಲೆ ಹೊತ್ತು ಅವಳು ಎದ್ದೇಬಿಟ್ಟಳು.

“ಏ, ನಿಂದರು! ನಾ ಇನ್ನೂ ಮಾತಾಡಾಕತ್ತೇನಿ.”

“ಅತ್ತಿ ಮುಂದ ಹ್ವಾದ್ಳ್ರಿ” ಎಂದವಳು, ಹೆಸರಿನ ಗಿಡಕ್ಕೆ ಕಾಲು ತಾಗದಂತೆ ಸಾಲಿನ ನಡುವೆ ಬಿರಬಿರನೆ ನಡೆದಳು. ನಡೆನಡೆಯುತ್ತಲೇ ಬಲಗೈಯ ಬೆರಳು ‘ಮೋಟಾರ್ ಸುಟ್ಟಿದೆ’ ಎಂದು ಒತ್ತುತ್ತಿತ್ತು.