ಉಲ್ಟಾ ತಿರುಪು

ಆ ಪೇಟೆಯಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವ ಹೆಂಗಸೆಂದರೆ ಅವಳೊಬ್ಬಳೇ. ಅಂಗಡಿ ಅಪ್ಪನಿಂದ ಬಂದದ್ದು. ಒಳಗೆ ಮೂರು ಜನ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಎಲ್ಲರೂ ಮಿಷಿನಕ್ಕ ಎನ್ನುತ್ತಿದ್ದರು. ಬೆರಳ ಸಂದಿಯ ಎಣ್ಣೆಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಕಿವಿ ಮಾತ್ರ ಬಲು ಚುರುಕು. ಹೊರಗೆ ಯಾರಾದರೂ ಮಿಷಿನ್ ತುಳಿದರೆ ಯಾವ ಹಲ್ಲು ಸವೆದಿದೆ ಎಂದು ಕೂತಲ್ಲಿಂದಲೇ ಹೇಳಿಬಿಡುವಳು.

ಇಂಥವಳು ಆರು ವರ್ಷದ ಹಿಂದೆ ಇಲ್ಲದ ಉಸಾಬರಿಯೊಂದನ್ನು ಮೈಮೇಲೆ ಎಳೆದುಕೊಂಡಳು. ಹಳೆಯ ಹೊಲಿಗೆ ಮಿಷಿನ್‌ಗಳ ರಿಪೇರಿಗೆಂದೇ ಒಂದು ವೆಬ್‌ಸೈಟ್ ಇತ್ತು. ಯಾವ ಕಂಪನಿಯದೂ ಅಲ್ಲ. ಗೊತ್ತಿದ್ದವರು ಬರೆಯುವುದು, ಗೊತ್ತಿಲ್ಲದವರು ಓದುವುದು, ಅಷ್ಟೇ. ಯಾರು ಏನೇ ಬರೆದರೂ ಅದು ಮೊದಲು ಸಾಲಿನಲ್ಲಿ ಕಾಯಬೇಕು. ಉಸ್ತುವಾರಿಯವರು ನೋಡಿ ಒಪ್ಪಿದ ಮೇಲೆಯೇ ಎಲ್ಲರಿಗೂ ಕಾಣುವುದು. ಉಸ್ತುವಾರಿಗೆ ಅವಳೂ ಸೇರಿ ಮೂವರಿದ್ದರು. ಒಬ್ಬಳು ಮಗುವಾದ ಮೇಲೆ ಬಿಟ್ಟಳು. ಇನ್ನೊಬ್ಬ ಎಣ್ಣೆ ಮೇಲೋ ಗ್ರೀಸ್ ಮೇಲೋ ಎಂಬ ಜಗಳದಲ್ಲಿ ಮುನಿಸಿಕೊಂಡು ಎದ್ದುಹೋದ. ಕೊನೆಗೆ ಇಡೀ ಸೈಟು ಮಿಷಿನಕ್ಕನ ಕೊರಳಿಗೆ ಬಿತ್ತು.

ಮಧ್ಯಾಹ್ನ ಊಟ ಮುಗಿಸಿ, ಶಟರ್ ಅರ್ಧ ಇಳಿಸಿ, ಅವಳು ಸಾಲು ನೋಡಲು ಕೂರುತ್ತಿದ್ದಳು. ಒಬ್ಬ ಮಂಜುಮಂಜಾದ ಫೋಟೋ ಕಳಿಸಿ 'ಇದು ಯಾಕೆ ಹೀಗೆ?' ಎಂದು ಕೇಳಿರುತ್ತಿದ್ದ. ಯಾವುದು, ಹೇಗೆ, ದೇವರಿಗೇ ಗೊತ್ತು. ಇನ್ನೊಬ್ಬರಿಂದ ಗುಲಾಬಿ ಹೂವು, ಶುಭೋದಯ. ಮತ್ತೊಬ್ಬನಿಗೆ ಸೈಟು ಎಂದರೆ ಮನೆ ಕಟ್ಟುವ ಸೈಟು. ಮೂಲೆ ಸೈಟು ಮಾರಾಟಕ್ಕಿದೆ ಎಂದು ವಾರಕ್ಕೆರಡು ಸಲ ಹಾಕುತ್ತಿದ್ದ. ಒಬ್ಬ ಮಹಾಶಯ, ಬೆಲ್ಟಿಗೆ ಸೀಮೆಎಣ್ಣೆ ಸವರಿದರೆ ಮಿಷಿನ್ ನುಣ್ಣಗೆ ಓಡುತ್ತದೆ ಎಂದು ಬರೆದಿದ್ದ. ತೆಗೆದುಹಾಕಿದಳು. 'ತೆಗೆಯೋಕೆ ನೀವು ಯಾರು? ನಿಮ್ಮಪ್ಪನ ಸೈಟಾ?' ಎಂದು ಉತ್ತರ ಬಂತು.

"ಬಿಟ್ಟುಬಿಡೆ ಅತ್ಲಾಗೆ," ಎಂದ ಗಂಡ. ಅವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ.

"ಬಿಟ್ರೆ ನಾಳೆ ಯಾರೋ ಬೆಲ್ಟಿಗೆ ಸೀಮೆಎಣ್ಣೆ ಬಳ್ಕೊಂಡು ನನ್ನ ಅಂಗಡಿಗೇ ತರ್ತಾರೆ."

"ಒಳ್ಳೇದೇ ಆಯ್ತಲ್ಲ, ವ್ಯಾಪಾರ."

ಅವಳು ಮೂಲೆ ಸೈಟಿನವನದನ್ನೂ ತೆಗೆದುಹಾಕಿ ಮುಂದಿನದಕ್ಕೆ ಹೋದಳು.

ಇವರನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದವರೆಂದರೆ 'ಹಳೇ ಸೂಜಿ' ಎಂಬ ಹೆಸರಲ್ಲಿ ಬರೆಯುತ್ತಿದ್ದ ಹಿರಿಯರು. ಎಲ್ಲೋ ದೂರದಲ್ಲಿದ್ದ ನಿವೃತ್ತ ಮೆಕ್ಯಾನಿಕ್. ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂಲು ಸುತ್ತಿದ ಬಾಬಿನ್ ಕೂರಿಸುವುದು ಹೇಗೆಂದು ಹೇಳಲು ಹೊರಟರೆ ತಮ್ಮ ಮದುವೆ ಮಾತುಕತೆಯಿಂದ ಶುರು. ಅಲ್ಲಿಂದ ಅತ್ತೆಯ ಮನೆ, ಅತ್ತೆಯ ಮಿಷಿನ್, ಅದನ್ನು ಮುಟ್ಟಿದ್ದಕ್ಕೆ ಅತ್ತೆ ಅಂದ ಮಾತು, ಅದಕ್ಕೆ ಅಳಿಯನಾದ ತಾವು ಊಟ ಬಿಟ್ಟದ್ದು. ಬಾಬಿನ್ ಬರುವಷ್ಟರಲ್ಲಿ ಓದುವವರ ನೂಲೇ ಮುಗಿದಿರುತ್ತಿತ್ತು. ಮಿಷಿನಕ್ಕ ಕಥೆಯನ್ನೆಲ್ಲ ಕತ್ತರಿಸಿ ಏಳು ಸಾಲು ಉಳಿಸುವಳು. ಅವರು ಮರುದಿನ ಅಷ್ಟನ್ನೂ ತಿರುಗಿ ಸೇರಿಸಿ, ಕತ್ತರಿಸಿದ್ದಕ್ಕೆ ಬೇಜಾರಾಯಿತೆಂದು ಇನ್ನೊಂದು ಪುಟ ಬರೆದು ಕಳಿಸುವರು. ಇವಳು ಮತ್ತೆ ಕತ್ತರಿಸುವಳು. ನಾಲ್ಕು ತಿಂಗಳು ಇದೇ ಆಯಿತು.

ಮನೆಯಲ್ಲಿ ಅವರಿಗೊಬ್ಬರು ಅಭಿಮಾನಿ ಬೇರೆ ಇದ್ದರು: ಮಿಷಿನಕ್ಕನ ಅತ್ತೆ. ಮಂಡಿ ನೋವಿನಿಂದ ಎಲ್ಲಿಗೂ ಹೋಗಲಾರದೆ, ಸೊಸೆ ಒಪ್ಪುವ ಮೊದಲೇ ಸಾಲಿನಲ್ಲಿ ಕೂತ ಬರಹಗಳನ್ನೆಲ್ಲ ಅವಳ ಹಳೆಯ ಫೋನಿನಲ್ಲಿ ಓದುತ್ತಿದ್ದರು.

"ಆ ಅಳಿಯ ಆಮೇಲೆ ಊಟ ಮಾಡಿದ್ನಾ?"

"ಅತ್ತೆ, ಅದು ರಿಪೇರಿ ಸೈಟು."

"ಅಳಿಯ ಅತ್ತೆ ಜಗಳ ರಿಪೇರಿ ಆಗ್ಬಾರ್ದಾ?" ಎಂದು ಅವರು ಮಗ್ಗುಲಾದರು.

ಒಂದು ಗುರುವಾರ, ಶಾಲೆಗೆ ಯೂನಿಫಾರಂ ಹೊಲಿದುಕೊಡುವ ಹೆಂಗಸು ಕಡುಹಸಿರು ಬಣ್ಣದ ಹಳೆಯ ಮಿಷಿನ್ ಒಂದನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಸೋಮವಾರಕ್ಕೆ ಬೇಕೇ ಬೇಕು. ಮಿಷಿನಕ್ಕ ಅಂಥದ್ದನ್ನು ಮೊದಲು ಬಿಚ್ಚಿರಲಿಲ್ಲ. ನೂಲು ಹಿಡಿಯುವ ಕೊಕ್ಕೆಯನ್ನು ಬಿಗಿದಿದ್ದ ತಿರುಪು ಸಡಿಲವಾಗಲೊಲ್ಲದು. ಎಣ್ಣೆ ಬಿಟ್ಟಳು, ಬಿಸಿ ಮಾಡಿದಳು, ಇದ್ದ ಬಲವನ್ನೆಲ್ಲ ಹಾಕಿ ಎಡಕ್ಕೆ ತಿರುವಿದಳು. ಟಕ್ ಎಂದಿತು. ತಿರುಪಿನ ತಲೆ ಅಂಗೈಗೆ ಬಂತು, ಮೈ ಒಳಗೇ ಉಳಿಯಿತು.

ಮನೆಗೆ ಬಂದು, ಊಟದ ತಟ್ಟೆ ಮುಂದೆ ಅದನ್ನೇ ಹೇಳಿಕೊಂಡಳು. ಅತ್ತೆ ಅನ್ನ ಕಲಸುತ್ತಲೇ ಕೇಳಿದರು: "ಹಸಿರು ಮಿಷಿನ್ನಾ? ಅದಕ್ಕೆ ಉಲ್ಟಾ ತಿರುಪಲ್ವಾ?"

"ನಿಮಗೆ ಯಾರು ಹೇಳಿದ್ದು?"

"ಹಳೇ ಸೂಜಿ. ಅವನ ಅತ್ತೆ ಮಿಷಿನ್ನೂ ಹಸಿರೇ. ಅಳಿಯ ಎಡಕ್ಕೆ ತಿರುಗಿಸಿ ಮುರಿದುಹಾಕಿದ. ಅದಕ್ಕೇ ಜಗಳ, ಅದಕ್ಕೇ ಊಟ ಬಿಟ್ಟಿದ್ದು. ಬಲಕ್ಕೆ ತಿರುಗಿಸಿದ್ರೆ ಸಡಿಲ ಆಗುತ್ತಂತೆ." ಒಂದು ತುತ್ತು ನುಂಗಿ ಮುಂದುವರಿಸಿದರು. "ಅದನ್ನ ಕತ್ತರಿಸಿದ್ದು ನೀನೇ ಅಲ್ವಾ."

ಮಿಷಿನಕ್ಕ ಎಡಗೈಯಲ್ಲೇ ಫೋನು ಎತ್ತಿಕೊಂಡಳು. ಸೈಟಿನ ಹಳೆಯ ಪ್ರತಿಗಳನ್ನು ತೆಗೆದು ನೋಡಿದರೆ, ನಿಜ, ಅಲ್ಲೇ ಇತ್ತು. ಅತ್ತೆಯ ಬೈಗುಳಕ್ಕೂ ಅಳಿಯನ ಕಣ್ಣೀರಿಗೂ ನಡುವೆ ಒಂದೂವರೆ ಸಾಲು. ತನ್ನ ಮೇಲೆ ಬಂದ ಸಿಟ್ಟಿಗಿಂತ ಆ ಮನುಷ್ಯನ ಮೇಲೆ ಬಂದದ್ದೇ ಹೆಚ್ಚು. ಇಷ್ಟು ಮುಖ್ಯವಾದ ಮಾತನ್ನು ಯಾರಾದರೂ ಅಲ್ಲಿ ಹೂತಿಡುತ್ತಾರೆಯೇ?

ಮರುದಿನ ಯೂನಿಫಾರಂ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಿಮ್ಮ ಕೈಲೂ ಮುರಿಯುತ್ತಾ?" ಎಂದಳು ಆಕೆ. ಬೈದಿದ್ದರೇ ವಾಸಿಯಿತ್ತು.

ಬೇರೆ ದಾರಿಯಿಲ್ಲದೆ ಹಳೇ ಸೂಜಿಗೆ ಬರೆದಳು: ಅಂಥ ತಿರುಪು ಎಲ್ಲಿ ಸಿಗುತ್ತದೆ? ಉತ್ತರ ಹತ್ತೇ ನಿಮಿಷದಲ್ಲಿ ಬಂತು. ಮೊದಲ ಪ್ಯಾರಾದಲ್ಲಿ ಸಂತೋಷ, ಎರಡನೆಯದರಲ್ಲಿ ಹಳೆಯ ನೋವು, ಆಮೇಲೆ ಮೊಮ್ಮಗಳ ಪರೀಕ್ಷೆ. ಹಲ್ಲು ಕಚ್ಚಿಕೊಂಡು ಓದಿದಳು. ಒಂದು ಸಾಲನ್ನೂ ಬಿಟ್ಟು ಓದುವ ಧೈರ್ಯ ಈಗ ಇರಲಿಲ್ಲ. ಹನ್ನೊಂದನೇ ಪ್ಯಾರಾದಲ್ಲಿ, 'ನನ್ನ ಡಬ್ಬಿಯಲ್ಲಿ ಎರಡಿವೆ, ಇವತ್ತೇ ಕಳಿಸುತ್ತೇನೆ' ಎಂದಿತ್ತು. ಶನಿವಾರ ಕೊರಿಯರ್‌ನಲ್ಲಿ ಬಂದವು, ಖಾಲಿ ಮಾತ್ರೆ ಪಟ್ಟಿಯ ಗುಳಿಯೊಳಗೆ ಅಂಟುಪಟ್ಟಿ ಹಾಕಿ ಕೂರಿಸಿದ ಎರಡು ತಿರುಪು. ಒಳಗೆ ಉಳಿದಿದ್ದ ತುಂಡನ್ನು ಕೊರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಸೋಮವಾರ ಬೆಳಿಗ್ಗೆ ಮಿಷಿನ್ ಮನೆ ಸೇರಿತು.

ಇನ್ನು ಯಾರೂ ಹೀಗೆ ಮುರಿಯದಿರಲಿ ಎಂದು ಮಿಷಿನಕ್ಕ ತಾನೇ ಎಂಟು ಸಾಲು ಬರೆದು ಹಾಕಿದಳು. ಅದು ಹೋಗಿ ಸಾಲಿನಲ್ಲಿ ನಿಂತಿತು. ತಮ್ಮ ಬರಹವನ್ನು ತಾವೇ ಒಪ್ಪುವ ಹಾಗಿಲ್ಲ ಎಂಬುದು ಸೈಟಿನ ನಿಯಮ. ಆ ನಿಯಮ ಮಾಡಿದವರಲ್ಲಿ ಅವಳೂ ಒಬ್ಬಳು. ಒಪ್ಪಲು ಎರಡನೆಯವರೇ ಇಲ್ಲ. ಎರಡು ವಾರ ತಡೆದಳು. ಮೂರನೇ ವಾರ ಮುಖ ಸಿಂಡರಿಸಿಕೊಂಡು ಹಳೇ ಸೂಜಿಗೆ ಬರೆದಳು: ಉಸ್ತುವಾರಿಗೆ ಬರುತ್ತೀರಾ?

"ಕಳ್ಳನ ಕೈಗೇ ಬೀಗದ ಕೈ ಕೊಟ್ಟೆ," ಎಂದು ಗಂಡ ನಕ್ಕ.

ಹಳೇ ಸೂಜಿ ಉಸ್ತುವಾರಿಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಅವಳ ಎಂಟು ಸಾಲನ್ನು ವಾಪಸ್ ಕಳಿಸಿದ್ದು. 'ಅಮ್ಮಾ, ಆ ಜಾಗದಲ್ಲಿ ತಿರುಪು ಎರಡಿವೆ. ಮೇಲಿನದು ಸೀದಾ, ಕೆಳಗಿನದು ಮಾತ್ರ ಉಲ್ಟಾ. ಯಾವುದೆಂದು ನೀವು ಬರೆದಿಲ್ಲ. ತುಂಬಾ ಚುಟುಕಾಯಿತು.'

ಅವಳು ಮಿಷಿನ್ ನೆನಪಿಸಿಕೊಂಡಳು. ಹೌದು, ಎರಡಿದ್ದವು. ಮನುಷ್ಯ ಹೇಳಿದ್ದು ಸರಿಯಾಗಿತ್ತು ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಕಿರಿಕಿರಿ. ಮೂರು ಸಾಲು ಸೇರಿಸಿ ಮತ್ತೆ ಕಳಿಸಿದಳು, ಒಪ್ಪಿಗೆಯಾಯಿತು.

ಆಗ ಸಾಲಿನಲ್ಲಿ ತೊಂಬತ್ತೆರಡು ಕಾಯುತ್ತಿದ್ದವು. ಅರ್ಧ ನೀವು, ಅರ್ಧ ನಾನು ಎಂದು ಹಂಚಿಕೊಂಡರು. ವಾರದೊಳಗೆ ಅವಳು ತನ್ನ ಪಾಲು ಮುಗಿಸಿದಳು. ಅವರದು ನೋಡಿದರೆ ನಾಲ್ಕೇ ಆಗಿದ್ದವು. ಒಬ್ಬೊಬ್ಬರಿಗೂ ಎರಡೆರಡು ಪುಟ ಕಾರಣ ಬರೆದಿದ್ದರು. ಅವಳು ನಾಲ್ಕನ್ನೂ ತಪ್ಪು ಹುಡುಕುತ್ತ ಓದಿದಳು. ಒಂದೂ ಸಿಗಲಿಲ್ಲ. ಉಸ್ಸೆಂದು, ಅವರ ಪಾಲಿನಿಂದ ಇಪ್ಪತ್ತನ್ನು ತನ್ನ ಕಡೆ ಎಳೆದುಕೊಂಡು, ಮೊದಲನೆಯದನ್ನು ತೆರೆದಳು.