ಮಾವ ನೋಡಬೇಕಾದ ಮುಂಗುಸಿ

ನಮ್ಮ ಮಾವನಿಗೆ ದೇವರ ಮೇಲೆ ಎಷ್ಟು ನಂಬಿಕೆ ಇತ್ತೋ ಗೊತ್ತಿಲ್ಲ, ಮುಂಗುಸಿಯ ಮೇಲಂತೂ ಇತ್ತು. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆ, ಏರಿಸಿದ ಮರುದಿನ ಬೆಳಿಗ್ಗೆ ಮುಂಗುಸಿಯ ಮುಖ ಕಾಣದೆ ಮಾವ ಆ ಕುಣಿಗೆ ಇಳಿಯುತ್ತಿರಲಿಲ್ಲ. ಮಗ್ಗ ನಿಂತರೆ ಬೈಗುಳ ಹೊಸ ಸೊಸೆಯ ಕಾಲ್ಗುಣಕ್ಕೆ. ಹೊಸ ಸೊಸೆ ನಾನು.

ಹಿತ್ತಲ ಕತ್ತಾಳೆ ಬೇಲಿಯಲ್ಲಿ ಒಂದು ಮುಂಗುಸಿ ಇತ್ತು. ನೋಡಲು ಏನೂ ಚಂದವಿಲ್ಲ. ಬೂದಿಯಲ್ಲಿ ಹೊರಳಿದಂಥ ಮೈ, ಮೈಯಷ್ಟೇ ಉದ್ದದ ಬಾಲ, ಗಿಡ್ಡ ಕಾಲು, ಚೂಪು ಮೂತಿ, ನಮ್ಮ ಅತ್ತೆಯ ಹಾಗೆ ಕೆಂಪು ಕಣ್ಣು. ಇಲಿ, ಓತಿಕ್ಯಾತ, ಮಿಡತೆ, ಹಾವಿನ ಮರಿ ಏನು ಸಿಕ್ಕರೂ ತಿನ್ನುತ್ತಿತ್ತು. ಮೊಟ್ಟೆ ಎಂದರೆ ಪ್ರಾಣ. ಅದು ಗೊತ್ತಾದ ಮೇಲೆ, ಹಾಸು ಏರಿಸಿದ ಮರುದಿನ ನಸುಕಿನಲ್ಲಿ ನಾನು ಅತ್ತೆಯ ಕೋಳಿಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು ಬೇಲಿಯ ಬುಡದಲ್ಲಿ ಇಡತೊಡಗಿದೆ. ಮಾವ ಹಲ್ಲುಜ್ಜಲು ಹಿತ್ತಲಿಗೆ ಬರುವ ಹೊತ್ತಿಗೆ ಮುಂಗುಸಿ ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡುತ್ತಿತ್ತು. ಮಾವ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಕೈಮುಗಿಯುತ್ತಿದ್ದರು.

ಅತ್ತೆಗೆ ಅನುಮಾನ ಬಂತು.

"ಏಮ್ಮಾ, ನಿಮ್ಮ ಪರಶುರಾಂಪುರದಾಗೆ ಹಸೀ ಮೊಟ್ಟೆ ನುಂಗ್ತಾರೇನು?"

"ನಾನ್ಯಾಕೆ ನುಂಗ್ಲಿ ಅತ್ತೆ?"

"ಮತ್ತೆ ಕೋಳಿ ಇಟ್ಟು ಕೋಳೀನೇ ತಿಂತಾ? ಇನ್ನೊಂದು ಹೋಗ್ಲಿ, ಗಾಡಿ ಕಟ್ಸಿ ನಿನ್ನ ತವರಿಗೆ ಕಳಿಸ್ತೀನಿ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಕಳ್ಳಿ ಅನ್ನಿಸಿಕೊಂಡು ಹೋದರೆ ಅವ್ವ ಹೊಸ್ತಿಲು ದಾಟಿಸುತ್ತಿರಲಿಲ್ಲ. ಅಲ್ಲಿ ಉಣ್ಣುವ ಬಾಯಿ ಆಗಲೇ ಏಳಿದ್ದವು. ಅದಕ್ಕೇ ಮುಂದಿನ ಹಾಸು ಏರಿಸಿದ ಮರುದಿನ ನಾನು ಮೊಟ್ಟೆ ಇಡಲಿಲ್ಲ.

ಮುಂಗುಸಿ ಬರಲಿಲ್ಲ. ಮಾವ ಕುಣಿಯ ಅಂಚಿನಲ್ಲಿ ಕಾಲು ಮಡಚಿ ಕೂತರು. "ಮುಖ ಕಾಣ್ಲಿಲ್ಲ. ಇವತ್ತು ಇಳಿಯೋದಿಲ್ಲ."

"ಎಂಥ ಕಾಲ್ಗುಣದವಳು ಬಂದ್ಲೋ," ಅಂತ ಅತ್ತೆ ಶುರು ಮಾಡಿದಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಮುಂಗುಸಿ ತನ್ನ ಮನೆಗೆ ಬಂದ ಹಾಗೆ ಒಳಗೆ ಬಂತು. ಬೇಲಿಯಲ್ಲಿ ಸಿಗದ್ದನ್ನು ಹುಡುಕಿಕೊಂಡು ನೇರ ಬುಟ್ಟಿಗೇ ಹೋಯಿತು. ಕೋಳಿ ಕಿರುಚಿತು. ಮುಂಗುಸಿ ಒಂದು ಮೊಟ್ಟೆ ಉರುಳಿಸಿಕೊಂಡು ಮಗ್ಗದ ಗೂಟದ ಹತ್ತಿರ ಬಂದು, ನಮಗೆ ಬೆನ್ನು ಮಾಡಿ ನಿಂತು, ಒಡೆಯಲೆಂದು ಹಿಂಗಾಲ ನಡುವಿನಿಂದ ಹಿಂದಕ್ಕೆ ಎಸೆಯಿತು. ರೇಷ್ಮೆ ಎಳೆಗೆ ತಾಗಿದ್ದರೆ ಸೀರೆಯೇ ಹೋಗುತ್ತಿತ್ತು. ಗೂಟ ತಪ್ಪಿ ಮಾವನ ಹಣೆಗೆ ಬಡಿಯಿತು.

ಮಾವ ಲೋಳೆ ಸುರಿಸಿಕೊಂಡೇ ಕೈಮುಗಿದರು. "ಮುಖ ಕಾಣಿಸ್ತು ಬಿಡೇ. ಇನ್ನು ಇಳೀತೀನಿ."

"ಅದು ತೋರ್ಸಿದ್ದು ಮುಖ ಅಲ್ರೀ, ಕುಂಡಿ!" ಅಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಇದೇನಾ ಕಳ್ಳ? ಸುಮ್ಸುಮ್ನೆ ನಿನ್ನ ಅಂದೆನಲ್ಲೇ," ಅಂತ ಆ ದಿನ ಮುದ್ದೆಗೆ ತುಪ್ಪ ಹಾಕಿದಳು.

ಹಾಸು ಏರಿಸಿದಾಗಲೆಲ್ಲ ಬುಟ್ಟಿಯಿಂದ ನಾನು ತೆಗೆಯುತ್ತಿದ್ದದ್ದು ಎರಡು ಮೊಟ್ಟೆ, ಮುಂಗುಸಿಗೆ ಹೋದದ್ದು ಒಂದೇ. ಇನ್ನೊಂದನ್ನು ಒಲೆಯ ಬೂದಿಯಲ್ಲಿ ಸುಟ್ಟು ನಾನು ತಿನ್ನುತ್ತಿದ್ದೆ. ಅದನ್ನು ಹೇಳಲು ಹೋಗಲಿಲ್ಲ. ತುಪ್ಪದ ಮುದ್ದೆ ಬಾಯಲ್ಲಿತ್ತು.